ಯಾರ ಬೀಜ ಅಂತ ಕೇಳಿದರು

ನನ್ನ ತಂಗಿ ಈಗ ಏಳು ತಿಂಗಳ ಗರ್ಭಿಣಿ. ಮದುವೆಯಾಗಿ ಹನ್ನೊಂದು ವರ್ಷ. ಐವಿಎಫ್ ಎರಡನೇ ಸಲಕ್ಕೆ ನಿಂತಿದೆ. ಅವಳನ್ನ ಕೇಳಿಯೇ ಇದನ್ನ ಬರೀತಿದ್ದೀನಿ.

ಇಷ್ಟು ವರ್ಷ "ಬಂಜೆ" ಅನ್ನಿಸಿಕೊಂಡವಳು ಈಗ ಕುಣಿದಾಡಬೇಕು ಅಂತ ಎಲ್ಲರ ಲೆಕ್ಕ. ಅವಳು ಹೆದರಿ ಕೂತಿದ್ದಾಳೆ. ಬಚ್ಚಲಿಗೆ ಹೋದಾಗಲೆಲ್ಲ ರಕ್ತ ಕಾಣುತ್ತಾ ಅಂತ ನೋಡೋದು ಇನ್ನೂ ಬಿಟ್ಟಿಲ್ಲ. ಮೊದಲ ಸಲದ್ದು ಎಂಟನೇ ವಾರಕ್ಕೇ ಹೋಗಿತ್ತಲ್ಲ. ಭಯ ಆಗುತ್ತೆ ಅಂದ್ರೆ "ಅಷ್ಟು ದುಡ್ಡು ಸುರಿದು ಪಡೆದಿದ್ದೀಯ, ಅಳಬಾರದು" ಅಂತಾರೆ. ಅಳೋದಕ್ಕೂ ಹಕ್ಕಿಲ್ಲ.

ದುಡ್ಡಿನ ಮಾತು ಬಂತು, ಹೇಳಿಬಿಡ್ತೀನಿ. ಒಡವೆ ಅಡವಿಟ್ಟು, ಸಂಘದಲ್ಲಿ ಸಾಲ ಎತ್ತಿ ಮಾಡಿಸಿದ್ದು. ಆಯುಷ್ಮಾನ್ ಕಾರ್ಡಿಗೆ ಈ ಚಿಕಿತ್ಸೆ ಬರೋದಿಲ್ಲ. ಅವಳ ಗರ್ಭನಾಳ ಮುಚ್ಚಿಹೋಗಿದ್ದು ಟಿಬಿಯಿಂದ. ಗಾಳಿ ಬೆಳಕಿಲ್ಲದ ಕೇರಿಮನೆಯ ಕಾಯಿಲೆ ಅದು. ಟಿಬಿಗೆ ಸರ್ಕಾರ ಪುಕ್ಕಟೆ ಮಾತ್ರೆ ಕೊಡುತ್ತೆ, ಟಿಬಿ ಹಾಳು ಮಾಡಿಟ್ಟು ಹೋಗಿದ್ದಕ್ಕೆ ಮಾತ್ರ ನಾವೇ ಸಾಲ ಮಾಡ್ಬೇಕು.

ಈಗ ನಮ್ಮ ಆಫೀಸಿನ ಕತೆ. ಸಿಹಿ ಹಂಚಿದೆ. ಪೇಡ ಬಾಯಿಗಿಟ್ಟುಕೊಂಡೇ ಒಬ್ಬರು ಮೆತ್ತಗೆ ಕೇಳಿದರು, "ಐವಿಎಫ್ ಅಂದ್ರೆ... ಯಾರ ಬೀಜ? ಯಾವ ಜಾತೀದು ಅಂತ ಹೇಳ್ತಾರಾ?" ಪಕ್ಕದ ಟೇಬಲ್ಲಿನವರು ನಕ್ಕರು.

ನಾನು ತಕ್ಷಣ ಏನಂದೆ ಗೊತ್ತಾ? "ಇಲ್ಲ ಇಲ್ಲ, ಗಂಡ ಹೆಂಡತಿ ಇಬ್ಬರದ್ದೇ." ನಿಜ ಅದು. ಆದ್ರೆ ಅದನ್ನ ಸಮಜಾಯಿಷಿ ಥರ ಯಾಕೆ ಹೇಳಿದೆ? ದಾನಿಯದ್ದೇ ಆಗಿದ್ದರೆ ತಲೆ ತಗ್ಗಿಸಬೇಕಿತ್ತಾ? ಜಾತಿ ವಿನಾಶ ಅಂತ ವೇದಿಕೆ ಮೇಲೆ ಭಾಷಣ ಬಿಗಿಯೋ ಬಾಯಿ ಇದು. ಆವತ್ತು ಊಟ ಸೇರಲಿಲ್ಲ.

ಹೋಗಲಿ, ಆಫೀಸಿನವರನ್ನ ಬಿಡಿ. ಜನವರಿ 3ಕ್ಕೆ ಸಾವಿತ್ರಿಬಾಯಿ ಫೋಟೋಗೆ ಹಾರ ಹಾಕ್ತೀವಿ. ಆ ತಾಯಿ ಹೆರಲಿಲ್ಲ. ಜ್ಯೋತಿಬಾ ಮತ್ತು ಅವರು 1874ರಲ್ಲಿ ದತ್ತು ತಗೊಂಡ ಯಶವಂತ, ಒಬ್ಬ ಬ್ರಾಹ್ಮಣ ವಿಧವೆಯ ಮಗ. ಯಾರ ಬೀಜ ಅಂತ ಕೇಳಿಕೊಂಡು ಸಾಕಲಿಲ್ಲ. ಹಾರ ಹಾಕಿ ಕೆಳಗಿಳಿದ ನಮ್ಮ ಸಂಗಾತಿಗಳೇ ನನ್ನ ತಂಗೀನ "ಇನ್ನೂ ವಿಶೇಷ ಏನೂ ಇಲ್ವಾ?" ಅಂತ ವರ್ಷಾನುಗಟ್ಟಲೆ ಕೇಳಿದ್ದಾರೆ. ಅವಳು ಸಭೆಗೆ ಬರೋದು ಬಿಟ್ಟಿದ್ದೇ ಅದಕ್ಕೆ. ನಾವ್ಯಾರೂ ಯಾಕಮ್ಮ ಬರ್ತಿಲ್ಲ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಮೊನ್ನೆ ಬಳೆ ತೊಡಿಸೋಣ ಕಣೇ ಅಂದೆ. "ಮೊದಲು ಮಗು ಕೈಗೆ ಬರಲಿ ಅಕ್ಕಾ" ಅಂದಳು. ಇವತ್ತಿನವರೆಗೂ ಒಂದು ಕುಲಾವಿ ಕೂಡ ತಂದಿಟ್ಟಿಲ್ಲ.

ಜೈ ಭೀಮ್.