ಬೇಸಿಕ್‌ಗೆ ಸೇರಿಸಿ ಕೊಡಿ

ಆಯುಧಪೂಜೆಯ ದಿನ ಪೀಣ್ಯದ ವರ್ಕ್‌ಶಾಪುಗಳನ್ನು ನೋಡಬೇಕು. ಲೇತ್ ಮಷೀನಿನ ಎಣ್ಣೆ ಜಿಡ್ಡು ಒರೆಸಿ, ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿರುತ್ತಾರೆ. ಬೂದುಗುಂಬಳ ಒಡೆದ ಮೇಲೆ ಒಬ್ಬೊಬ್ಬರಿಗೂ ಕಡ್ಲೆಪುರಿ, ಸ್ವೀಟ್ ಬಾಕ್ಸ್, ಬೋನಸ್ ಕವರ್. ಅಂಥದ್ದೊಂದು ಪೂಜೆಯಲ್ಲಿ ನನ್ನ ಪಕ್ಕದಲ್ಲಿದ್ದ ಹಿರಿಯ ಟರ್ನರ್ ಒಬ್ಬರು ಕವರನ್ನು ಕಣ್ಣಿಗೊತ್ತಿಕೊಂಡು ಜೇಬಿಗಿಟ್ಟು, ಮೆಲ್ಲಗೆ ಅಂದರು: "ಹಬ್ಬಕ್ಕೆ ಆಯ್ತು ಸಾರ್. ಬೇಸಿಕ್ ಮಾತ್ರ ಮೂರು ವರ್ಷದಿಂದ ಅಲ್ಲೇ ನಿಂತಿದೆ."

ಅಹಮದಾಬಾದಿನ ಗಿರಣಿ ಕಾರ್ಮಿಕರ ಅಳಲೂ ಇದೇ ಆಗಿತ್ತು. 1917ರಲ್ಲಿ ಪ್ಲೇಗ್ ಬಂದಾಗ ಕೆಲಸಗಾರರು ಊರು ಬಿಡದಿರಲೆಂದು ಮಾಲೀಕರು ದೊಡ್ಡ ಬೋನಸ್ಸನ್ನೇ ಕೊಟ್ಟರು. ಪ್ಲೇಗ್ ಇಳಿಯಿತು, ಬೋನಸ್ ನಿಂತಿತು. ಯುದ್ಧಕಾಲದ ಬೆಲೆಗಳು ಮಾತ್ರ ಇಳಿಯಲಿಲ್ಲ. 1918ರಲ್ಲಿ ಗಾಂಧೀಜಿಯ ಮುಂದಾಳತ್ವದಲ್ಲಿ ಕಾರ್ಮಿಕರು ಕೂಲಿಯಲ್ಲೇ ಶೇ 35 ಏರಿಕೆ ಕೇಳಿದರು. ಮಾಲೀಕರು ಶೇ 20ಕ್ಕೆ ಪಟ್ಟು ಹಿಡಿದರು. ಆ ಕಡೆ ಅಂಬಾಲಾಲ್ ಸಾರಾಭಾಯಿ, ಈ ಕಡೆ ಅವರ ಸ್ವಂತ ಅಕ್ಕ ಅನಸೂಯಾ! ಮುಷ್ಕರ, ಗಾಂಧೀಜಿಯ ಉಪವಾಸ ಎಲ್ಲ ಮುಗಿದು, ಕೊನೆಗೆ ಪಂಚಾಯ್ತಿಯ ತೀರ್ಪು ಬಂದದ್ದು ಶೇ 35ಕ್ಕೇ.

ಕಾರ್ಮಿಕರ ಲೆಕ್ಕ ಸರಿಯಾಗಿತ್ತು. ಇಂದಿನ ಲೆಕ್ಕವನ್ನೇ ಹಾಕಿ. 14,000 ರೂಪಾಯಿ ಬೇಸಿಕ್ ಇರುವವರಿಗೆ ವರ್ಷಕ್ಕೊಮ್ಮೆ 12,000 ಬೋನಸ್ ಕೊಟ್ಟರೆ ಅದು ಅಲ್ಲಿಗೆ ಮುಗಿಯಿತು. ಪಿಎಫ್‌ಗೂ ಇಲ್ಲ, ಗ್ರಾಚ್ಯುಟಿಗೂ ಇಲ್ಲ. ಅದೇ ಹಣವನ್ನು ತಿಂಗಳಿಗೆ 1,000ದಂತೆ ಬೇಸಿಕ್‌ಗೆ ಸೇರಿಸಿದರೆ ಮಾಲೀಕರ ಪಿಎಫ್ ಪಾಲು ತಿಂಗಳಿಗೆ 120 ರೂಪಾಯಿ ಏರುತ್ತದೆ. ಗ್ರಾಚ್ಯುಟಿಯನ್ನು ಕೊನೆಯ ಸಂಬಳದ ಮೇಲೆ, ವರ್ಷಕ್ಕೆ 15 ದಿನದ ವೇತನದಂತೆ ಲೆಕ್ಕ ಹಾಕುವುದರಿಂದ, 20 ವರ್ಷ ದುಡಿದವರಿಗೆ ಈ ಸಾವಿರವೊಂದೇ ಸುಮಾರು 11,500 ರೂಪಾಯಿ ಹೆಚ್ಚು ತರುತ್ತದೆ. ಮುಂದಿನ ಇಂಕ್ರಿಮೆಂಟೂ ಇದರ ಮೇಲೆಯೇ ಬೆಳೆಯುತ್ತದೆ.

ಆರ್ಡರ್ ಇವತ್ತಿದ್ದರೆ ನಾಳೆ ಇಲ್ಲ, ಏರಿಸಿದ ಸಂಬಳ ಇಳಿಸಲಾಗದು ಎಂಬ ಮಾಲೀಕರ ಕಷ್ಟ ಸುಳ್ಳಲ್ಲ. ಲಾಭ ಬಂದ ವರ್ಷ ಬೋನಸ್ ಕೊಡುವುದು ಸರಿಯೇ. ಆದರೆ ಕನಿಷ್ಠ ಶೇ 8.33 ಬೋನಸ್ ಕಾನೂನೇ ಕೊಡಿಸಿದ ಹಕ್ಕು. ಕಂಪನಿಗೆ ನಷ್ಟವಾದರೂ ಅದನ್ನು ಕೊಡಲೇಬೇಕು. ಅದನ್ನು ಒಳ್ಳೆ ಕೆಲಸಕ್ಕೆ ಕೊಟ್ಟ ಬಹುಮಾನ ಎಂದು ತೋರಿಸುವುದು ತಪ್ಪು. ಆ ಟರ್ನರ್ ಕೈಗೆ ಬಂದಿರುವ ಕಸುಬು ಆರ್ಡರ್ ಕಡಿಮೆಯಾದ ತಿಂಗಳಲ್ಲೂ ಕಡಿಮೆಯಾಗುವುದಿಲ್ಲ. ಅದಕ್ಕೆ ಸಲ್ಲಬೇಕಾದದ್ದು ಇಂಕ್ರಿಮೆಂಟೇ.

ಮಾಲೀಕರೇ, ಹಬ್ಬದ ಕವರ್ ನಿಲ್ಲಿಸಬೇಡಿ. ಏಪ್ರಿಲ್ ಬಂದಾಗ ಪೇ ಸ್ಲಿಪ್ಪಿನ ಮೊದಲ ಸಾಲಿನ ಅಂಕಿಯನ್ನೂ ದಯವಿಟ್ಟು ಬದಲಿಸಿ.