ಒಂದೇ ಹಾದಿಯ ಆಟ

ಕಥೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಹಾದಿಯಲ್ಲಿ ನಡೆಸಿಕೊಂಡು ಹೋಗುವ ವಿಡಿಯೋ ಆಟವು ಆಟವೇ ಅಲ್ಲವೆಂದು ವಾದಿಸುವ ವಿದ್ಯಾರ್ಥಿಗಳು ನಮ್ಮ ಶಿಕಾರಿಪುರದಲ್ಲಿ ಅನೇಕರಿದ್ದಾರೆ. ನೂರು ಜನರನ್ನು ದ್ವೀಪವೊಂದರಲ್ಲಿ ಇಳಿಸಿ, ಕೊನೆಗೆ ಉಳಿದವನೇ ಗೆದ್ದನೆನ್ನುವ ಮೊಬೈಲ್ ಕಾಳಗವೇ ಅವರ ಮಟ್ಟಿಗೆ ನಿಜವಾದ ಆಟ. ಎಲ್ಲಿಗೆ ಹೋಗಬೇಕೆಂಬುದನ್ನು ಬೇರೊಬ್ಬನು ಮೊದಲೇ ತೀರ್ಮಾನಿಸಿಟ್ಟಿರುವಾಗ ಆಡುವವನ ಪಾಲಿಗೆ ಉಳಿದುದೇನು ಎಂಬುದು ಅವರ ಪ್ರಶ್ನೆ. ಪ್ರಶ್ನೆ ಒಳ್ಳೆಯದೇ. ಉತ್ತರವನ್ನು ಹುಡುಕುತ್ತ ಹೊರಟರೆ ನಮ್ಮ ಪ್ರಯೋಗಶಾಲೆಯ ಬಾಗಿಲಿಗೇ ಬಂದು ನಿಲ್ಲುವೆವೆಂದು ಮಾತ್ರ ನಾವು ಎಣಿಸಿರಲಿಲ್ಲ.

ನಾವು ಆಡಿದ ಆಟ 'ಹಾಫ್-ಲೈಫ್ 2'. ಅಮೆರಿಕದ ವಾಲ್ವ್ ಸಂಸ್ಥೆ ಇದನ್ನು 2004ರ ನವೆಂಬರಿನಲ್ಲಿ ಹೊರತಂದಿತು. ಇಪ್ಪತ್ತು ವರ್ಷ ತುಂಬಿದ ಸಂದರ್ಭದಲ್ಲಿ, 2024ರ ನವೆಂಬರಿನಲ್ಲಿ, ಕೆಲವು ದಿನ ಬೆಲೆಯಿಲ್ಲದೆ ಹಂಚಿದಾಗ ನಾವೂ ಪಡೆದುಕೊಂಡೆವು. ಗುಂಡಿನ ಕಾಳಗ ಬೇಕಾದಷ್ಟಿರುವುದರಿಂದ ಹದಿನೇಳು ತುಂಬದವರಿಗೆ ಇದು ತಕ್ಕುದಲ್ಲವೆಂದು ಅಮೆರಿಕದಲ್ಲಿ ವರ್ಗೀಕರಿಸಿದ್ದಾರೆ. ಪ್ರೌಢಶಾಲೆಯ ಓದುಗರು ಸದ್ಯಕ್ಕೆ ನಮ್ಮ ವರ್ಣನೆಯಲ್ಲಿಯೇ ತೃಪ್ತಿಪಡಬೇಕು.

ಕಥಾನಾಯಕ ಗಾರ್ಡನ್ ಫ್ರೀಮನ್ ಸೈದ್ಧಾಂತಿಕ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನು. ನಮ್ಮ ಕುಲದವನೆಂದು ನಾವು ಹಿಗ್ಗಿದ್ದು ನಿಜ. ಆದರೆ 1998ರ ಮೊದಲ ಆಟದಲ್ಲಿ ಈತನು ಮಾಡುವ ಒಂದೇ ಪ್ರಯೋಗವೆಂದರೆ, ಮಾದರಿ ವಸ್ತುವಿರುವ ಗಾಡಿಯನ್ನು ಯಂತ್ರದೊಳಕ್ಕೆ ನೂಕುವುದು. ಅಷ್ಟಕ್ಕೇ ಅನಾಹುತವಾಗಿ ಅನ್ಯಲೋಕದ ಜೀವಿಗಳು ನುಗ್ಗಿಬರುತ್ತವೆ. ಎರಡನೆಯ ಆಟದಲ್ಲಿ ಸ್ವಿಚ್ಚೊಂದನ್ನು ಒತ್ತಿದ್ದಕ್ಕೆ ಗೆಳೆಯನೊಬ್ಬ ಅವನ ದೊಡ್ಡ ವಿದ್ಯೆಯನ್ನೇ ಹಾಸ್ಯ ಮಾಡುತ್ತಾನೆ.

ಭೌತವಿಜ್ಞಾನವಿರುವುದು ನಾಯಕನ ಪದವಿಯಲ್ಲಲ್ಲ, ದಾರಿಯಲ್ಲಿ. ಕಾಲುವೆಯ ಬಳಿ ಒಂದೆಡೆ ತಕ್ಕಡಿಯ ದಂಡದಂತೆ ಏರಿಳಿಯುವ ಹಲಗೆಯೊಂದಿದೆ. ಪಕ್ಕದಲ್ಲಿ ಸಿಮೆಂಟ್ ಇಟ್ಟಿಗೆಗಳು ಬಿದ್ದಿವೆ. ಒಂದು ತುದಿಗೆ ಇಟ್ಟಿಗೆ ಹೇರಿ, ಇನ್ನೊಂದು ತುದಿಯಿಂದ ಮೇಲಿನ ಕಟ್ಟೆಗೆ ನೆಗೆಯಬೇಕು. ಇಟ್ಟಿಗೆಯನ್ನು ಆಧಾರಬಿಂದುವಿನ ಹತ್ತಿರವೇ ಪೇರಿಸಿದರೆ ಹಲಗೆ ನಮ್ಮ ಭಾರಕ್ಕೆ ಕುಸಿಯುತ್ತದೆ. ತುದಿಗೆ ಸರಿಸಿದರೆ ಅವೇ ಇಟ್ಟಿಗೆಗಳು ಸಾಕಾಗುತ್ತವೆ. ಭಾರವೊಂದೇ ಅಲ್ಲ, ಭಾರವನ್ನು ದೂರದಿಂದ ಗುಣಿಸಿದ ಲಬ್ಧವೇ ಮುಖ್ಯವೆಂಬ ಸನ್ನೆಯ ನಿಯಮವಿದು. ಏತದ ಮರದ ಹಿಂದುಗಡೆ ಕಲ್ಲು ಕಟ್ಟಿದ ನಮ್ಮ ರೈತರಿಗೆ ಹೊಸದೇನಲ್ಲ. ಮುಂದೊಂದೆಡೆ ಖಾಲಿ ಪೀಪಾಯಿಗಳನ್ನು ನೀರಿನೊಳಗೆ ನೂಕಿ, ಅವುಗಳ ತೇಲುವಿಕೆಯಿಂದ ಇಳಿಜಾರು ಹಲಗೆಯನ್ನು ಎತ್ತಬೇಕು. ಅಲ್ಲಿ ಆರ್ಕಿಮಿಡೀಸನೇ ಗತಿ.

ಇವಾವುವೂ ಚಿತ್ರ ಬರೆದು ಓಡಿಸಿದವುಗಳಲ್ಲ. ಗಣಕಯಂತ್ರವು 0.015 ಸೆಕೆಂಡಿಗೊಮ್ಮೆ ಪ್ರತಿಯೊಂದು ವಸ್ತುವಿನ ವೇಗವನ್ನೂ ಸ್ಥಾನವನ್ನೂ ನ್ಯೂಟನ್ನನ ನಿಯಮಗಳಂತೆ ಹೊಸದಾಗಿ ಲೆಕ್ಕ ಹಾಕುತ್ತದೆ. ಗುರುತ್ವ ವೇಗೋತ್ಕರ್ಷಕ್ಕೂ ಅಲ್ಲಿ ಒಂದು ಅಂಕಿಯಿದೆ: ಆಟದ ಮಾನದಲ್ಲಿ 600. ಕಟ್ಟಡಗಳ ಅಳತೆಗೆ 16 ಮಾನಗಳಿಗೆ ಒಂದಡಿಯೆಂದು ಹಿಡಿಯುತ್ತಾರೆ. ಹಾಗೆ ಭಾಗಿಸಿದರೆ ಸೆಕೆಂಡಿಗೆ ಸೆಕೆಂಡಿಗೆ 37.5 ಅಡಿ, ಎಂದರೆ ಸುಮಾರು 1143 ಸೆಂಟಿಮೀಟರ್. ನಮ್ಮ ಭೂಮಿಗಿಂತ ಆರನೆಯ ಒಂದು ಪಾಲು ಹೆಚ್ಚು! ನೆಗೆದವನು ಬೇಗ ನೆಲಕ್ಕಿಳಿಯುತ್ತಾನೆ. ಆಡುವವರಲ್ಲಿ ಇದನ್ನು ಅಳೆದು ನೋಡುವವರು ಎಷ್ಟು ಮಂದಿ?

ಇನ್ನು ಒಂದೇ ಹಾದಿಯೆಂಬ ಆಕ್ಷೇಪ. ಸೊರಬದ ಕಡೆ ರಾತ್ರಿಯಿಡೀ ಯಕ್ಷಗಾನ ನೋಡಿದವರು ಇದನ್ನು ಎತ್ತಲಾರರು. ಕೃಷ್ಣಸಂಧಾನವು ಮುರಿದೇ ಮುರಿಯುವುದೆಂದು ನೆರೆದ ಮಕ್ಕಳಿಗೂ ಗೊತ್ತು; ಭಾಗವತರು ಹಾಡುವ ಪದಗಳೂ ಗೊತ್ತಾದವುಗಳೇ. ಆದರೆ ಕೌರವನು ಆಡುವ ಮಾತು ಆ ರಾತ್ರಿಯ ವೇಷಧಾರಿಯದು. ಕೊನೆ ತಿಳಿದಿದ್ದರೂ ನಡುವಿನ ದುಡಿಮೆಯನ್ನು ಬೇರೆಯವರು ನಮಗಾಗಿ ಮಾಡಿಕೊಡಲಾರರು.

ಮಾಡಿಕೊಡಲಾರರು ಎಂದೆವು, ಆದರೆ ಮಾಡಿಕೊಡುತ್ತಿದ್ದಾರೆ. ಹಲಗೆಯ ಮುಂದೆ ಎರಡು ನಿಮಿಷ ತಡವರಿಸಿದೊಡನೆ ಯೂಟ್ಯೂಬ್ ತೆರೆದು, ಇಟ್ಟಿಗೆಯನ್ನು ಎಲ್ಲಿಡಬೇಕೆಂಬುದನ್ನು ನೋಡಿಕೊಳ್ಳುವುದು ರೂಢಿಯಾಗಿದೆ. ಇದು ನಮಗೆ ತೀರ ಪರಿಚಿತವಾದ ದೃಶ್ಯ. ಸರಳ ಲೋಲಕದ ಪ್ರಯೋಗವೂ ಒಂದೇ ಹಾದಿಯ ಆಟವೇ ಅಲ್ಲವೇ? ಉತ್ತರ 980 ಎಂದು ಎಲ್ಲರಿಗೂ ಮೊದಲೇ ಗೊತ್ತು. ಆದುದರಿಂದಲೇ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, 980ರಿಂದ ಹಿಂದಕ್ಕೆ ಲೆಕ್ಕ ಮಾಡಿ ಆಂದೋಲನದ ಕಾಲವನ್ನು ತುಂಬುವವರಿದ್ದಾರೆ. ಸ್ಟಾಪ್‌ವಾಚನ್ನು ಒತ್ತುವ ಬೆರಳು 40 ಸೆಕೆಂಡಿನಲ್ಲಿ 0.2 ಸೆಕೆಂಡ್ ತಪ್ಪಿದರೆ ಉತ್ತರದಲ್ಲಿ ನೂರಕ್ಕೊಂದು ಪಾಲು ವ್ಯತ್ಯಾಸವಾಗುತ್ತದೆ. ನಿಜವಾಗಿ ಅಳೆದ ತರಗತಿಯ ಉತ್ತರಗಳು ಚದುರಿಯೇ ಇರಬೇಕು. ಇಪ್ಪತ್ತು ಮಂದಿಯೂ 980 ತಂದರೆ ಅಳೆದವರು ಯಾರೂ ಇಲ್ಲವೆಂದೇ ಅರ್ಥ. ಹಾಗೆ ನೋಡಿದರೆ ನಮ್ಮ ಅಕ್ಷಾಂಶಕ್ಕೂ ಸುಮಾರು 600 ಮೀಟರ್ ಎತ್ತರಕ್ಕೂ ಲೆಕ್ಕ ಹಾಕಿದಲ್ಲಿ ಶಿಕಾರಿಪುರದ ಬೆಲೆ 978ರ ಹತ್ತಿರ ಬರುತ್ತದೆ. ನಕಲಾಗುತ್ತಿರುವುದು ನಮ್ಮ ಊರಿನ ಉತ್ತರವೂ ಅಲ್ಲ!

ತಪ್ಪು ಹುಡುಗರದೊಂದೇ ಅಲ್ಲ. ಹಿಂದೊಮ್ಮೆ ವಿದ್ಯಾರ್ಥಿನಿಯೊಬ್ಬಳು 998 ಎಂದು ಬರೆದು ತಂದಾಗ ನಾವು ಅಂಕ ಕಳೆದೆವು; ಪಕ್ಕದವನ 980ಕ್ಕೆ ಪೂರ್ತಿ ಕೊಟ್ಟೆವು. ಆಕೆ ದಾರದ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯದೆ ತಳದವರೆಗೆ ಅಳೆದಿದ್ದಳು. 50 ಸೆಂಟಿಮೀಟರಿನ ಲೋಲಕದಲ್ಲಿ ಒಂದು ಸೆಂಟಿಮೀಟರ್ ಹೆಚ್ಚಾದರೆ 978 ಎಂಬುದು ಸರಿಯಾಗಿ 998 ಆಗುತ್ತದೆ. ಅವಳ ತಪ್ಪಿನಲ್ಲಿಯೇ ಗುಂಡಿನ ತ್ರಿಜ್ಯ ಅಡಗಿತ್ತು. ನಾವು ನೋಡಲಿಲ್ಲ.

ಆಟಕ್ಕೂ ಒಂದು ಮಿತಿಯುಂಟು. ಹಲಗೆಯ ಪಕ್ಕದಲ್ಲಿ ಸಾಕಷ್ಟು ಇಟ್ಟಿಗೆಗಳನ್ನು ಯಾರೋ ಇಟ್ಟುಹೋಗಿರುತ್ತಾರೆ. ನಿಸರ್ಗವು ಹಾಗೆ ಇಟ್ಟುಕೊಡುವುದಿಲ್ಲ. ಆದರೆ ಅಲ್ಲಿ ಹಲಗೆ ಏರದಿದ್ದರೆ ಏರಿತೆಂದು ಬರೆದುಕೊಂಡು ಮುಂದೆ ಸಾಗಲು ಬರುವುದಿಲ್ಲ. ನಮ್ಮ ಪ್ರಯೋಗಶಾಲೆಯಲ್ಲಿ ಬರುತ್ತಿತ್ತು.

ಈ ವರ್ಷ 980ಕ್ಕೆಂದು ಅಂಕ ಕೊಡುವುದನ್ನು ನಿಲ್ಲಿಸಿ, ಅಳತೆಯ ವಿವರಕ್ಕೂ ದೋಷದ ವಿಚಾರಣೆಗೂ ಕೊಡುತ್ತಿದ್ದೇವೆ. ಉತ್ತರಗಳು 961ರಿಂದ 1003ರವರೆಗೆ ಹರಡಿವೆ. 998 ಮತ್ತೆ ಬಂದಿದೆ. ತಂದವರನ್ನು ಗುಂಡಿನ ವ್ಯಾಸ ಅಳೆದು ಬರಲೆಂದು ವರ್ನಿಯರ್ ಕ್ಯಾಲಿಪರ್ಸ್ ಕೊಟ್ಟು ಕಳುಹಿಸಿದ್ದೇವೆ.