ಮನೆಯ ಎರಡು ಬೆಲೆಗಳು

ಮನೆ ಕೊಳ್ಳುವವನು ಗೋಡೆಯನ್ನು ತಟ್ಟಿ ನೋಡುವನು. ತೊಲೆಗೆ ಗೆದ್ದಲು ಹತ್ತಿದೆಯೇ ಎಂದು ಪರೀಕ್ಷಿಸುವನು. ವಾಸ್ತು ಬಲ್ಲವರನ್ನು ಕರೆತರುವನು. ಕ್ರಯಪತ್ರದಲ್ಲಿ ಕಾಣಿಸುವ ಬೆಲೆಯನ್ನು ಮಾತ್ರ ಪತ್ರ ಬರೆಯುವವನ ಕೈಗೆ ಬಿಟ್ಟುಬಿಡುವನು. ಈ ತಿಂಗಳು ಅದೊಂದು ವಿಷಯವನ್ನೇ ಗೃಹಸ್ಥರೊಡನೆ ವಿಚಾರ ಮಾಡಬೇಕೆಂದಿರುವೆನು. ಏಕೆಂದರೆ ಅದು ಈಚೆಗೆ ನಮ್ಮ ಬಾಗಿಲಿಗೇ ಬಂದಿತು.

ನನ್ನ ತಂಗಿಯ ಮಗನು ಎಮ್ಮಿಗನೂರಿನಲ್ಲಿ ಪೇಟೆಯ ವ್ಯಾಪಾರಸ್ಥರೊಬ್ಬರ ಮಾಳಿಗೆಮನೆಯನ್ನು ೧೮ ಲಕ್ಷ ರೂಪಾಯಿಗೆ ಗೊತ್ತುಮಾಡಿಕೊಂಡನು. “ಮಾವಾ, ಸಾಕ್ಷಿಯಾಗಿ ನೀವೇ ರುಜು ಹಾಕಬೇಕು” ಎಂದು ಕರಡನ್ನು ತಂದನು. ಓದಿದೆನು. ಬೆಲೆ ೧೧ ಲಕ್ಷವೆಂದಿತ್ತು. ಉಳಿದ ೭ ಲಕ್ಷವನ್ನು ನಗದಾಗಿ ಕೊಡತಕ್ಕದ್ದೆಂದು ಬಾಯಿಮಾತು. “ಸರ್ಕಾರದ ದರ ಅಷ್ಟೇ ಇದೆ, ಮಾವಾ. ಎಲ್ಲರೂ ಹೀಗೆಯೇ ಬರೆಸುತ್ತಾರೆ” ಎಂದನು. ಹುಡುಗನು ಕೆಟ್ಟವನಲ್ಲ. ಬತ್ತ ಮಾರಿ, ಹೆಂಡತಿಯ ಒಡವೆ ಅಡವಿಟ್ಟು ಹಣ ಕೂಡಿಸಿದವನು. ಅರ್ಧ ಲಕ್ಷ ಉಳಿದರೆ ಅವನಿಗೆ ದೊಡ್ಡ ಮಾತು.

ಮನೆಯ ಬೆಲೆಯು ಕಲ್ಲುಮಣ್ಣುಗಳಲ್ಲಿ ಮಾತ್ರ ಇರುವುದಲ್ಲ. ೧೯೫೩ರಲ್ಲಿ ತುಂಗಭದ್ರೆಯ ನೀರು ಕಾಲುವೆಗಳಿಗೆ ಹರಿದ ಬಳಿಕ ಈ ಸೀಮೆಯ ನೆಲಕ್ಕೆ ಬತ್ತ ಬಂದಿತು. ನೆಲದೊಡನೆ ಮನೆಗಳಿಗೂ ಬೆಲೆ ಬಂದಿತು. ಅತ್ತ ಹೊಸಪೇಟೆ ಸಂಡೂರುಗಳ ಕಡೆ, ಕಬ್ಬಿಣದ ಅದಿರು ವಿದೇಶಕ್ಕೆ ಸಾಗುತ್ತಿದ್ದ ದಿನಗಳಲ್ಲಿ ನಿವೇಶನಗಳ ದರವು ಮೇಲಕ್ಕೇರಿತು. ೨೦೧೧ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಕೊಳ್ಳುವವರು ಹಿಂಜರಿದರು. ಪೇಟೆಯ ಬೆಲೆ ಹೀಗೆ ಚಂಚಲವಾದುದು. ಪತ್ರದಲ್ಲಿ ಬರೆದ ಬೆಲೆಯಾದರೋ ಮಕ್ಕಳ ಕಾಲದವರೆಗೂ ನಿಲ್ಲುವುದು.

ಸರ್ಕಾರದ ದರವೆಂದು ಅವನು ಹೇಳಿದುದು ಮಾರ್ಗಸೂಚಿ ಬೆಲೆ. ೨೦೨೩ರ ಅಕ್ಟೋಬರಿನಲ್ಲಿ ಅದು ರಾಜ್ಯದಲ್ಲೆಲ್ಲ ಪರಿಷ್ಕೃತವಾಯಿತು. ಅದು ಕೆಳಗಿನ ಮಿತಿಯೇ ಹೊರತು ಸುಳ್ಳು ಬರೆಯಲು ಅಪ್ಪಣೆಯಲ್ಲ. ಕೊಟ್ಟುದು ಅದಕ್ಕಿಂತ ಹೆಚ್ಚಾದರೆ ಕೊಟ್ಟುದನ್ನೇ ಬರೆಯತಕ್ಕದ್ದು.

ಉಪದೇಶಕ್ಕಿಂತ ಲೆಕ್ಕವು ಬೇಗ ಮನಸ್ಸಿಗೆ ಹತ್ತುವುದೆಂದು ನನ್ನ ಅನುಭವ. ಕಾಗದ ತೆಗೆದುಕೊಂಡು ಕುಳಿತೆವು. ಮುದ್ರಾಂಕ ಶುಲ್ಕ ನೂರಕ್ಕೆ ೫. ನೋಂದಣಿ ಶುಲ್ಕ, ೨೦೨೫ರ ಆಗಸ್ಟ್ ಕಡೆಯಿಂದ, ನೂರಕ್ಕೆ ೨. ಮರೆಸಿದ ೭ ಲಕ್ಷಕ್ಕೆ, ಉಪಕರಗಳನ್ನು ಬಿಟ್ಟು, ಉಳಿಯುವುದು ೪೯ ಸಾವಿರ. ಇನ್ನು ಹತ್ತು ವರ್ಷಕ್ಕೆ ಮನೆಯನ್ನು ಮಾರಿದನೆನ್ನೋಣ. ಕೊಂಡ ಬೆಲೆ ೧೧ ಲಕ್ಷವೆಂದೇ ಗಣನೆ. ತಾನೇ ಕೊಟ್ಟ ೭ ಲಕ್ಷವು ಲಾಭವೆಂದು ತೋರುವುದು. ತೆರಿಗೆಗೆ ಒಳಪಟ್ಟಲ್ಲಿ, ಈಗಿನ ನೂರಕ್ಕೆ ಹನ್ನೆರಡೂವರೆಯ ದರದಂತೆ ಅದಕ್ಕೆ ತೆರುವುದು ೮೭,೫೦೦. ನಡುವೆ ಹಕ್ಕಿನ ತಕರಾರೆದ್ದು ಹಣ ಹಿಂದಕ್ಕೆ ಕೇಳಬೇಕಾದರೆ ಪತ್ರವು ಹೇಳುವುದು ೧೧ ಲಕ್ಷವನ್ನೇ. ಮಾರುವವರಿಗೂ ಕ್ಷೇಮವಿಲ್ಲ: ವ್ಯಾಪಾರಸ್ಥರು ಸ್ಥಿರಾಸ್ತಿಗಾಗಿ ೨೦ ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು ೨೦೧೫ರಲ್ಲಿಯೇ ನಿಷೇಧಿಸಿತು; ಪಡೆದಷ್ಟೇ ದಂಡ.

ಇದು ಅವನ ಮನೆಯ ಲೆಕ್ಕ. ಊರಿನ ಲೆಕ್ಕವೊಂದು ಉಂಟು. ನಾಳೆ ರಸ್ತೆಗೆಂದು ಮನೆಗಳನ್ನು ಸ್ವಾಧೀನಪಡಿಸಿಕೊಂಡರೆ, ೨೦೧೩ರ ಭೂಸ್ವಾಧೀನ ಕಾಯಿದೆಯಂತೆ ಪರಿಹಾರಕ್ಕಾಗಿ ಮಾರ್ಗಸೂಚಿ ಬೆಲೆಯನ್ನೂ, ಹಿಂದಿನ ಮೂರು ವರ್ಷಗಳಲ್ಲಿ ಆ ಸುತ್ತಿನಲ್ಲಿ ಆದ ಕ್ರಯಪತ್ರಗಳನ್ನೂ ನೋಡುವರು. ನಾವೆಲ್ಲರೂ ಕಡಮೆ ಬರೆದಿದ್ದರೆ, ಅದೇ ಓಣಿಯ ಬಡ ವಿಧವೆಗೆ ಯಾವ ಪತ್ರವು ಆಧಾರವಾದೀತು? ನಾವು ಉಳಿಸಿದ ಹಣವು ಆಕೆಯ ಸೆರಗಿನಿಂದ ಹೋದಂತಾಗುವುದು.

“ಇದಕ್ಕೆ ನಾನು ಸಾಕ್ಷಿ ಹಾಕಲಾರೆನಪ್ಪಾ” ಎಂದೆನು. ಅವನು ಮಾತಾಡದೆ ಎದ್ದುಹೋದನು. ತಂಗಿಯೂ ಎಂಟು ದಿನ ನಮ್ಮ ಮನೆಯ ಕಡೆ ಬರಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ಅವನು ಬೇರೆ ಕರಡು ತಂದನು. ಬೆಲೆ ೧೮ ಲಕ್ಷ. ಪೂರ್ತಿ ಹಣವೂ ಬ್ಯಾಂಕಿನ ಮೂಲಕ. “ಈ ವರ್ಷ ಮನೆಗೆ ಬಣ್ಣ ಬಳಿಸುವುದಾಗಲಿಕ್ಕಿಲ್ಲ, ಮಾವಾ” ಎಂದನು.

ಬಣ್ಣವನ್ನು ಬರುವ ವರ್ಷ ಬಳಿಯಬಹುದು. ಓದುಗರಲ್ಲಿ ಮನೆ ಕೊಳ್ಳುವವರಿದ್ದರೆ ಪಂಚಾಯತಿಯ ಇ-ಸ್ವತ್ತು ಪತ್ರ, ಋಣಭಾರ ಪತ್ರಗಳೊಡನೆ ಈ ಒಂದು ಅಂಕಿಯನ್ನೂ ತಪ್ಪದೆ ಓದಿ ನೋಡಬೇಕು. ಬೆಲೆ ಎರಡಾಗಿರುವ ಮನೆಯಲ್ಲಿ ನಿದ್ರೆ ಅರ್ಧವೇ ಬರುವುದು.